ಹೊಸ ವಿಮಾನಕ್ಕೆ ಮಸಿ ಯಾಕೆ?

"ಅಷ್ಟು ಚೆಂದ ಪೇಂಟ್ ಹೊಡೆದು ಆಮೇಲೆ ಯಾಕ್ರೀ ಗಲೀಜು ಮಾಡ್ತೀರಿ?" ದಾವಣಗೆರೆಯಲ್ಲಿ ನನ್ನ ಪ್ಲಾಸ್ಟಿಕ್ ಮಾಡೆಲ್ ವಿಮಾನಗಳ ಕಪಾಟಿನ ಮುಂದೆ ನಿಂತವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಗಲೀಜು ಅನ್ನುವುದನ್ನು ಮೊದಲು ಬಿಡಿ. 1971ರ ಡಿಸೆಂಬರಿನಲ್ಲಿ ಜೈಸಲ್ಮೇರಿನಿಂದ ಎದ್ದು ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಮೇಲೆರಗಿದ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನದ ಮಾಡೆಲ್ ಅದು. ಮೂಗಿನ ಅಡಿಯಲ್ಲಿ 30 ಮಿ.ಮೀ.ನ ನಾಲ್ಕು ಏಡನ್ ಫಿರಂಗಿಗಳು. ಹೊಡೆದಾಗಲೆಲ್ಲ ಮಸಿ ನಳಿಕೆಯ ಬಾಯಿಂದ ಹೊಟ್ಟೆಯ ಕಡೆಗೆ ಬಳಿದುಕೊಳ್ಳುತ್ತದೆ. ರೆಕ್ಕೆಯ ಬುಡದಲ್ಲಿ ಬಣ್ಣ ಸವೆಯುವುದು ಮೆಕ್ಯಾನಿಕ್‌ಗಳ ಬೂಟಿನಿಂದ. ಅದೇ ಸವೆತವನ್ನು ರೆಕ್ಕೆಯ ತುದಿಗೆ ಹಚ್ಚಿದರೆ ಸುಳ್ಳು. ಕಾರಣ ಹೇಳಲಾಗದ ಕಲೆಯನ್ನು ನಾನು ಒರೆಸಿಬಿಡುತ್ತೇನೆ.

"ಹಂಗಾರೆ ದುರ್ಗದ ಕೆಮ್ಮಣ್ಣು ಉಜ್ಜಿದ್ರೆ ಆತಲ್ಲ" ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ: 1/72 ಅಳತೆಯಲ್ಲಿ ಅರ್ಧ ಮಿ.ಮೀ. ಮಣ್ಣಿನ ಕಣ ಅಂದರೆ 36 ಮಿ.ಮೀ. ಜಲ್ಲಿಕಲ್ಲು. ಥಾರ್ ಮರಳಿಗೆ ನಮ್ಮ ಮಣ್ಣಿನ ಕೆಂಪೂ ಇಲ್ಲ.

ಈ ಕಲೆಗಳನ್ನು ಯಾವಾಗ ಹಚ್ಚಬೇಕು ಎಂದು ಒಬ್ಬರಾದರೂ ಕೇಳಬಾರದೇ? ಮಾಡೆಲ್ ಕೆಡುವುದು ಅಲ್ಲೇ. ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲೆ ನೇರವಾಗಿ ವಾಶ್ (ಗೆರೆಗಳಿಗೆ ಇಳಿಸುವ ನೀರಾದ ಕಡುಬಣ್ಣ) ಬಿಟ್ಟರೆ ಒರಟು ಮೈ ಅದನ್ನು ಹೀರಿಕೊಳ್ಳುತ್ತದೆ, ಒರೆಸಿದರೂ ಕಲೆ ಹೋಗುವುದಿಲ್ಲ. ಅದಕ್ಕೇ ಮೊದಲ ಬಣ್ಣ ಒಣಗಿದ ಮೇಲೆ ಟಮಿಯಾ ಕಂಪನಿಯ ಎಕ್ಸ್-22 ಗ್ಲಾಸ್ (ಹೊಳಪಿನ ಪಾರದರ್ಶಕ ಲೇಪ) ತೆಳುವಾಗಿ ಎರಡು ಮೂರು ಸಲ ಹೊಡೆದು ಒಂದು ದಿನ ಮುಟ್ಟಬಾರದು. ಡೆಕಾಲ್ (ಗುರುತು, ಸಂಖ್ಯೆಗಳ ತೆಳು ಚಿತ್ರ) ಅಂಟಿಸಿ ಅದರ ಮೇಲೆ ಇನ್ನೊಂದು ಗ್ಲಾಸ್. ಬರ್ಂಟ್ ಅಂಬರ್ ಆಯಿಲ್ ಪೇಂಟಿಗೆ ಚೂರು ಕಪ್ಪು ಸೇರಿಸಿ, ವಾಸನೆಯಿಲ್ಲದ ಟರ್ಪೆಂಟೈನಿನಲ್ಲಿ ನೀರಾಗಿಸಿದರೆ ವಾಶ್ ಸಿದ್ಧ; ಪ್ಯಾನಲ್ ಗೆರೆಗೆ (ತಗಡುಗಳ ನಡುವಿನ ಸಂದಿಗೆ) ಬ್ರಷ್ ತುದಿ ಮುಟ್ಟಿಸಿದರೆ ಸಾಕು, ತಾನೇ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಒರೆಸಿ, ಅದೂ ಮೂಗಿನಿಂದ ಬಾಲದ ಕಡೆಗೆ, ಗಾಳಿ ಹರಿಯುವ ದಿಕ್ಕಿನಲ್ಲಿ. ಗ್ಲಾಸ್ ಹತ್ತದ ಬರಿ ಪ್ಲಾಸ್ಟಿಕ್‌ಗೆ ಥಿನ್ನರ್ ಇಳಿದರೆ ಬಿಗಿತವಿರುವ ಸಂದು ಬಿರುಕು ಬಿಡುತ್ತದೆ. ಚಕ್ರದ ಕಾಲುಗಳು ಮುರಿಯುವುದು ಹೀಗೆ.

ಫಿರಂಗಿಯ ಮಸಿ ಕೊನೆಗೆ, ಮ್ಯಾಟ್ ಕೋಟ್ ಆದ ಮೇಲೆ. ಟಮಿಯಾದ್ದೇ ಎಕ್ಸ್‌ಎಫ್-1 ಕಪ್ಪು, ಎಕ್ಸ್‌ಎಫ್-64 ಕೆಂಗಂದು ಸಮಸಮ, ಒಂದು ಪಾಲು ಬಣ್ಣಕ್ಕೆ ಒಂಬತ್ತು ಪಾಲು ಥಿನ್ನರ್, ಏರ್‌ಬ್ರಷ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) 0.3 ಮಿ.ಮೀ. ನಾಝಲ್, ಗಾಳಿಯ ಒತ್ತಡ 12 ಪಿಎಸ್‌ಐ. ಮೊದಲೆರಡು ಸಲ ಬೀಸಿದಾಗ ಏನೂ ಕಾಣದು. ಕಾಣಲಿ ಎಂದು ಬಣ್ಣ ದಪ್ಪ ಮಾಡಿದಿರೋ, ಕರಿ ಪಟ್ಟೆ ಬಿದ್ದೇ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲಿ ಈ ಕೆಲಸ ಬೇಡ: ಅಕ್ರಿಲಿಕ್ ಬಣ್ಣ ಏರ್‌ಬ್ರಷ್ ಸೂಜಿಯ ತುದಿಯಲ್ಲೇ ಒಣಗಿ ಹನಿ ಚಿಮ್ಮುತ್ತದೆ. ಬೆಳಿಗ್ಗೆ ಆರಕ್ಕೆ ಕೂತು, ಬಣ್ಣಕ್ಕೆ ಎರಡು ಹನಿ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಹಾಕಿ.