ರಕ್ಕಸಗಿ–ತಂಗಡಗಿ ನಕಾಶೆ: ಹಿನ್ನೀರಿನ ಕೆಳಗಿನ ಹೊಳೆ ಕೊನೆಗೂ ಸಿಕ್ಕಿತು

ಕೊನೆಗೂ ಹಳೆಯ ಉಪಗ್ರಹ ಚಿತ್ರದ ಫ್ರೇಮ್ ಇವತ್ತಿನ ನಕಾಶೆಗೆ ಹೊಂದಿ ಕೂತಿತು. ನಾರಾಯಣಪುರ ಅಣೆಕಟ್ಟಿಗೆ ಮೊದಲಿನ ಕೃಷ್ಣೆ, ತಂಗಡಗಿಯ ಆಚೀಚೆ ಹೇಗೆ ಹರಿಯುತ್ತಿತ್ತೋ ಹಾಗೆ, ಇವತ್ತಿನ ನಕಾಶೆಯ ಮೇಲೆ ಬಂದು ನಿಂತಿದೆ. ವಿಜಯಪುರ, ತಾಳಿಕೋಟೆ, ಕೂಡಲಸಂಗಮದ ಪಾಯಿಂಟುಗಳು ಹಿಂದೆಯೇ ಮುಗಿದಿವೆ. ಸತಾಯಿಸಿದ್ದು ಒಂದೇ: 1565ರಲ್ಲಿ ವಿಜಯನಗರದ ಮೇಲೆ ಹೊರಟ ದಖ್ಖನ್ ಸುಲ್ತಾನರ ದಂಡು ಹೊಳೆ ಹಾಯ್ದ ಜಾಗ.

ತಾಳಿಕೋಟೆ ಕದನ ಎಂದು ಓದಿ ತಾಳಿಕೋಟೆಯಲ್ಲಿ ಬಸ್ಸು ಇಳಿದವರಿಗೆ ರಣಭೂಮಿ ಕಾಣುವುದಿಲ್ಲ. ಅಲ್ಲಿದ್ದದ್ದು ದಂಡಿನ ಬೀಡು. ಕದನಕ್ಕೆ ಹೊಳೆಯ ಹತ್ತಿರದ ಎರಡು ಊರುಗಳ ಹೆಸರೂ ಇದೆ: ರಕ್ಕಸಗಿ–ತಂಗಡಗಿ. ಅಲ್ಲಿಂದ ತಂಗಡಗಿಗೆ ನೇರ ಗೆರೆ ಎಳೆದರೂ ಸುಮಾರು 40 ಕಿ.ಮೀ. ಪರ್ಷಿಯನ್ ಬರಹಗಳ ಪ್ರಕಾರ ವಿಜಯನಗರದವರು ಹಾಯುವ ಜಾಗವನ್ನು ಕಾವಲಿಟ್ಟು ಕಾದಿದ್ದರು. ಸುಲ್ತಾನರು ಮೂರು ದಿನ ದಂಡೆಗುಂಟ ಬೇರೆ ಕಡೆ ನಡೆದು ಅವರನ್ನು ಅಲ್ಲಿಂದ ಎಬ್ಬಿಸಿ, ರಾತ್ರಿ ಹಿಂದಿರುಗಿ ದಾಟಿದರು. ಅಂದಮೇಲೆ ನಕಾಶೆಯಲ್ಲಿ ಒಂದು ಚುಕ್ಕೆ ಇಟ್ಟರೆ ಕೆಲಸ ಕೆಡುತ್ತದೆ, ಹೊಳೆಯ ಉದ್ದನೆಯ ಪಟ್ಟಿಯನ್ನೇ ನೋಡಬೇಕು. ಹಾಯ್ದ ಜಾಗಕ್ಕೆ ಪುಸ್ತಕಗಳಲ್ಲಿ ಬರುವ ಇಂಗಳಗಿ ಎಂಬ ಊರಿನ ಹೆಸರನ್ನು ಹಿಡಿದು ಹೊರಟರೂ ದಾರಿ ತಪ್ಪುತ್ತದೆ. ಈ ಸೀಮೆಯಲ್ಲಿ ಇಂಗಳಗಿಗಳು ಒಂದಕ್ಕಿಂತ ಹೆಚ್ಚು.

ಮೊದಲು ಎಲ್ಲರೂ ಮಾಡುವ ತಪ್ಪು ಇಲ್ಲೂ ಆಯಿತು: ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ) ಎತ್ತರದ ಡೇಟಾ ಇಳಿಸಿ, ಹೊಳೆಯ ತಳ ಎಲ್ಲಿ ಮೇಲೆದ್ದಿದೆ ಎಂದು ಹುಡುಕುವುದು. ಆ ಡೇಟಾ ಸಂಗ್ರಹವಾದದ್ದು 2000ದ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ನಾರಾಯಣಪುರ ಅಣೆಕಟ್ಟಿನ ಜಲಾಶಯ ಬಸವಸಾಗರ ತುಂಬಿ ಎಷ್ಟೋ ವರ್ಷವಾಗಿತ್ತು. ರೇಡಾರ್ ನೀರಿನ ಕೆಳಗೆ ನೋಡುವುದಿಲ್ಲ, ಹೀಗಾಗಿ ಸಿಕ್ಕಿದ್ದು ಹಲಗೆಯಂಥ ಸಪಾಟು. ಆ ಡೇಟಾ ಒಂದಕ್ಕೆ ಮಾತ್ರ ಉಪಯೋಗ: ಜಲಾಶಯದ ಪೂರ್ಣ ಮಟ್ಟ 492.25 ಮೀಟರ್, ಆ ಎತ್ತರದ ಗೆರೆ ಎಳೆದರೆ ಹಿನ್ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಅಂದಾಜಿಗೆ ಬರುತ್ತದೆ.

ದಾರಿ ತೋರಿಸಿದ್ದು ಕೊರೋನಾ. ಕಾಯಿಲೆಯಲ್ಲ, 1960ರಿಂದ 1972ರವರೆಗಿನ ಅಮೆರಿಕದ ಗೂಢಚರ್ಯೆ ಉಪಗ್ರಹ. ಅದರ ಚಿತ್ರಗಳು ಈಗ ಎಲ್ಲರಿಗೂ ತೆರೆದಿವೆ. ಯಾರಾದರೂ ಮೊದಲೇ ಸ್ಕ್ಯಾನ್ ಮಾಡಿಸಿದ ಫ್ರೇಮ್ ಪುಕ್ಕಟೆ ಸಿಗುತ್ತದೆ, ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಬೇಕು. ಜನವರಿಯಿಂದ ಮೇ ಒಳಗಿನ ಫ್ರೇಮನ್ನೇ ಆರಿಸಿ. ಮಳೆಗಾಲದ್ದರಲ್ಲಿ ಮೋಡ, ಮೇಲೆ ಹೊಳೆಯೂ ತುಂಬಿರುತ್ತದೆ.

ಇನ್ನು ಗೋಳು. ಒಂದು ಫ್ರೇಮ್ ನಾಲ್ಕು ತುಂಡಾಗಿ ಬರುತ್ತದೆ. ಕ್ಯಾಮೆರಾ ಪನೋರಮಿಕ್, ಹಾಗಾಗಿ ನಡುವಿನ ತುಂಡುಗಳು ಪರವಾಗಿಲ್ಲ, ಅಂಚಿನವು ಎಳೆದ ರೊಟ್ಟಿಯಂತೆ. ಚಿತ್ರದಲ್ಲೂ ನಕಾಶೆಯಲ್ಲೂ ಕಾಣುವ ಒಂದೇ ಜಾಗಗಳನ್ನು ಬಿಂದುಗಳಾಗಿ ಜೋಡಿಸಿ, ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಚಿತ್ರವನ್ನು ಬಗ್ಗಿಸದೆ ಕೂರಿಸುವ ಪಾಲಿನಾಮಿಯಲ್ 1 ಹಾಕಿದರೆ ಒಂದು ಕಡೆ ಕೂತು ಇನ್ನೊಂದು ಕಡೆ ಏಳುತ್ತದೆ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಇನ್ನೊಂದು ವಿಧಾನ ಹಾಕಿದರೆ ಎಲ್ಲ ಬಿಂದುಗಳ ದೋಷವೂ ಸೊನ್ನೆ ಎಂದು ತೋರುತ್ತದೆ. ಆ ಸೊನ್ನೆಯನ್ನು ನಂಬಬೇಡಿ. ಕೊಟ್ಟ ಬಿಂದುವಿಗೆ ಚಿತ್ರವನ್ನು ಬಗ್ಗಿಸಿಯೇ ತರುವುದು ಅದರ ಕೆಲಸ. 16 ಬಿಂದು ಗುರುತಿಸಿ, 12 ಮಾತ್ರ ಕೊಟ್ಟು, ಉಳಿದ 4 ಎಷ್ಟು ದೂರ ಬೀಳುತ್ತವೆ ಎಂದು ಅಳೆಯಿರಿ. ಅದೇ ನಿಜವಾದ ದೋಷ.

ಬಿಂದುಗಳಿಗೆ ಹಳೆಯ ಗುಡಿ, ಕೋಟೆಯ ಮೂಲೆ, ಕೆರೆ ಏರಿಯ ತುದಿ ಒಳ್ಳೆಯವು. ಹೊಲದ ಬದು ಬೇಡ, ಕಾಲುವೆ ಬಂದ ಮೇಲೆ ಅವೆಲ್ಲ ಬದಲಾಗಿವೆ. ಊರ ಹೆಸರನ್ನಂತೂ ನಂಬಲೇಬೇಡಿ: ಮುಳುಗಡೆಯ ಊರುಗಳು ಹೆಸರನ್ನು ಹೊತ್ತುಕೊಂಡೇ ಪುನರ್ವಸತಿ ಕೇಂದ್ರಕ್ಕೆ ಹೋಗಿವೆ. ನಮ್ಮ ಎರಡು ತಿಂಗಳು ತಿಂದದ್ದು ಇದೇ, ಹೊಸ ಊರಿನ ಬಿಂದುವನ್ನು ಹಳೆಯ ಊರಿಗೆ ಕಟ್ಟಿದ್ದೆವು.

ಕೂತ ಚಿತ್ರದಲ್ಲಿ ನೋಡಬೇಕಾದದ್ದು ಬಂಡಿ ದಾರಿ. ಬಿಳಿ ಗೆರೆಯಾಗಿ ಒಂದು ದಂಡೆಗೆ ಬಂದು ನಿಂತು, ಎದುರು ದಂಡೆಯಲ್ಲಿ ಮತ್ತೆ ಶುರುವಾದರೆ ಅದು ಹಾಯುವ ಜಾಗ. ಇದು 1960ರ ದಶಕದ ಗುರುತು, 1565ರದ್ದೇ ಎನ್ನಲಾಗದು. ಆದರೆ ಈಗ ವಿಜಯಪುರದಲ್ಲಿರುವ 55 ಟನ್ನಿನ ತೋಪು ಮಲಿಕ್-ಎ-ಮೈದಾನ್ ಆ ಕದನಕ್ಕೆ ಹೋಗಿತ್ತು ಎಂಬ ಮಾತು ನಿಜವಾದರೆ, ತೋಪಿಗೆ ಕಲ್ಲಿನ ತಳವೇ ಬೇಕು. ಕೆಸರಲ್ಲಿ ಗಾಲಿ ಹೂತುಹೋಗುತ್ತದೆ.

ತಾರೀಖಿನ ಒಂದು ಸೂಕ್ಷ್ಮ. ಕದನದ ದಿನ ಜನವರಿ 23 ಎಂಬುದು ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ. ಅದೇ ಬಿಸಿಲು, ಅದೇ ನೆರಳು ಬೇಕಾದವರು ಈಗಿನ ಫೆಬ್ರುವರಿ 2ಕ್ಕೆ ಹೋಗಬೇಕು. ಆಗ ಎರೆಮಣ್ಣು ಒಣಗಿರುತ್ತದೆ, ಬಿಳಿಜೋಳದ ಹೊಲ ತುಳಿಯದಂತೆ ಬದುವಿನ ಮೇಲೇ ನಡೆಯಿರಿ.

ಮುಂದಿನ ಕೆಲಸ ಆಟದ್ದು, ಅದೂ ಬೆಳಗಾವಿಯಲ್ಲಿ. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಆ ಸಲದ ದೂರ 42.195 ಅಲ್ಲ, 42.75 ಕಿ.ಮೀ. ಅಷ್ಟೇ ಉದ್ದದ ಹಾದಿಯನ್ನು ಆನಂದವಾಡಿ ಕುಸ್ತಿ ಆಖಾಡದಲ್ಲಿ ಮುಗಿಯುವಂತೆ ಜೋಡಿಸಬೇಕು.

ಅದಕ್ಕೆ ಮೊದಲು ತಂಗಡಗಿಯ ನಕಾಶೆ ಮರುಮುದ್ರಣವಾಗಬೇಕು. 1:25,000ದಲ್ಲಿ ಒಂದು ಕಿಲೋಮೀಟರಿನ ಚೌಕ ಸರಿಯಾಗಿ 4 ಸೆಂ.ಮೀ. ಇರಬೇಕು. ಪ್ರಿಂಟ್ ಅಂಗಡಿಯವರು ಹೇಳಿದ್ದನ್ನು ಕೇಳದೆ ಹಾಳೆಗೆ ಹೊಂದಿಸುವ ಆಯ್ಕೆ ಒತ್ತಿದ್ದಾರೆ, ಪಟ್ಟಿ ಇಟ್ಟರೆ 3.8. ಸ್ಕೇಲ್ ಪಟ್ಟಿ ಜೇಬಲ್ಲಿಟ್ಟುಕೊಂಡೇ ಹೋಗಿ, ಮೊದಲ ಹಾಳೆ ಅಳೆದ ಮೇಲೆ ಉಳಿದವನ್ನು ತೆಗೆಸಿ.