ಚಟ್ನಿಪುಡಿಯ ಲೆಕ್ಕ

ಚಟ್ನಿಪುಡಿ ವ್ಯಾಪಾರದಲ್ಲಿ ಹುರಿಯುವುದು, ಕುಟ್ಟುವುದೇ ದೊಡ್ಡ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಅಲ್ಲ ಸ್ವಾಮಿ, ಅಂಗಡಿಗಳಿಂದ ಬಾಕಿ ವಸೂಲಿಯೇ ದೊಡ್ಡದು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ, ಮೊಬೈಲಿನಲ್ಲೇ ಮುಗಿಯುತ್ತದೆ. ಪೊಟ್ಟಣದ ಮೇಲೆ ಹಾಕಲು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯೂ ಸಿಗುತ್ತದೆ. ಶೇಂಗಾ ಪುಡಿಯ ಎಣ್ಣೆ ಜಿನುಗಿ ಅಂಚಿನ ಸೀಲ್ ಬಿಟ್ಟುಕೊಂಡರೆ ದಪ್ಪ ಕವರಿನ ಉಪಾಯವಿದೆ. ಆದರೆ ಅಂಗಡಿಯವರ ‘ಮುಂದಿನ ವಾರ ನೋಡೋಣ’ ಎಂಬ ಮಾತಿಗೆ?

ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಹೇಳುತ್ತದೆ. ಕೌಂಟರಿನ ಮುಂದೆ ನಿಂತು ಅದನ್ನು ಪಾಠದಂತೆ ಒಪ್ಪಿಸಿದರೆ ಮರುದಿನವೇ ನಮ್ಮ ಪುಡಿ ಕೆಳಗಿನ ಹಲಗೆಗೆ, ಫಿನಾಯಿಲ್ ಪಕ್ಕಕ್ಕೆ ಇಳಿಯುತ್ತದೆ. ಹಾಗಾಗಿ ನಗುತ್ತಲೇ ಕೇಳುತ್ತೇನೆ, ಹಳೆಯ ಬಾಕಿ ತೀರದೆ ಹೊಸ ಡಬ್ಬ ಇಳಿಸುವುದಿಲ್ಲ.

ಶುರುಮಾಡುವವರು ಮೂರು ತಿಂಗಳ ಶೇಂಗಾ, ಕೊಬ್ಬರಿಯ ದುಡ್ಡನ್ನು ಬೇರೆಯೇ ತೆಗೆದಿಡಿ. ಕೊಬ್ಬರಿಯ ಬೆಲೆಯನ್ನು ಮಾತ್ರ ನನ್ನನ್ನು ಕೇಳಬೇಡಿ.