ಸರ್ವೆಯವರು ಬಂದರೆ ಓನರ್ ಊರಲ್ಲಿರಲ್ಲ

ನಮ್ಮದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಕಾರ್ಟನ್ ಬಾಕ್ಸ್ ಮಾಡುವ ಸಣ್ಣ ಘಟಕ. ಸುತ್ತಮುತ್ತ ಲೇತ್ ವರ್ಕ್‌ಶಾಪ್, ಪೌಡರ್ ಕೋಟಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್, ನಡುವೆ ಬೇಕರಿ, ಕಾಂಡಿಮೆಂಟ್ಸ್. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಕೈಯಲ್ಲಿ ಟ್ಯಾಬ್ ಹಿಡಿದವರು ಯಾರಾದರೂ ಈ ರಸ್ತೆಗೆ ಕಾಲಿಟ್ಟರೆ ಸಾಕು, ಅರ್ಧಕ್ಕರ್ಧ ಓನರ್‌ಗಳು ಊರಲ್ಲಿರಲ್ಲ.

ಮೊನ್ನೆ ಕಾಂಡಿಮೆಂಟ್ಸ್ ಮುಂದೆ ಟೀ ಕುಡಿಯುತ್ತಾ ನಿಂತಿದ್ದೆ. ಸರ್ವೆಗೆ ಅಂತ ಒಬ್ಬ ಹೆಣ್ಣುಮಗಳು ಬಂದರು. ಗಲ್ಲಾದಲ್ಲಿ ಕೂತಿದ್ದ ನಮ್ಮ ಅಣ್ಣ ತಲೆ ಎತ್ತದೆ, "ಓನರ್ ಊರಿಗೆ ಹೋಗಿದ್ದಾರಮ್ಮ, ಮುಂದಿನ ವಾರ ಬನ್ನಿ" ಅಂದರು. ಅವರ ತಲೆ ಮೇಲೆಯೇ ಅಂಗಡಿ ಓಪನಿಂಗ್ ದಿನದ ಫೋಟೋ ಇದೆ. ಅದರಲ್ಲಿ ಹಾರ ಹಾಕಿಕೊಂಡು ನಿಂತಿರುವುದು ಇವರೇ. ಆಕೆ ಫೋಟೋ ನೋಡಿದರು, ಇವರ ಮುಖ ನೋಡಿದರು, "ಸರಿ ಸಾರ್" ಅಂತ ಟ್ಯಾಬ್‌ನಲ್ಲಿ ಏನೋ ಒತ್ತಿ ಮುಂದಿನ ಅಂಗಡಿಗೆ ಹೋದರು. ಅವರಿಗೆ ಇದು ದಿನಾ ಇದ್ದದ್ದೇ ಅನಿಸುತ್ತೆ.

ನಗು ಬಂತು, ನಿಜ. ಆದರೆ ಅಣ್ಣನ ಭಯಕ್ಕೆ ಕಾರಣ ಇಲ್ಲ ಅಂತ ಹೇಳೋಕಾಗಲ್ಲ. 2025ರ ಜುಲೈ ನೆನಪಿದೆ ಅಲ್ವಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಊರು ತುಂಬಾ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೆ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ಅಷ್ಟೆಲ್ಲ ಆದಮೇಲೆ ಯಾರೋ ಬಂದು "ತಿಂಗಳಿಗೆ ಎಷ್ಟು ವ್ಯಾಪಾರ ಆಗುತ್ತೆ ಸಾರ್?" ಅಂತ ಕೇಳಿದರೆ ಬಾಯಿ ಬಿಡುವವರು ಯಾರು?

ಅದು ಸಾಲದು ಅಂತ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಅದರಲ್ಲಿ ಮಾಹಿತಿ ಕೊಡೋದು ಬಿಡೋದು ಜನರ ಇಷ್ಟ ಅಂತ ಹೈಕೋರ್ಟ್ ಹೇಳಿತು. ಅದನ್ನೇ ಹಿಡಿದುಕೊಂಡು ನಮ್ಮ ರಸ್ತೆಯವರು ಈಗ ಎಲ್ಲ ಸರ್ವೆಗೂ "ಕಂಪಲ್ಸರಿ ಇಲ್ವಲ್ಲ" ಅಂತಾರೆ. ಇಲ್ಲೇ ಎಡವಟ್ಟು ಆಗ್ತಿರೋದು. ಅಂಗಡಿ, ಫ್ಯಾಕ್ಟರಿಗಳಿಗೆ ಬರುವ ಕೇಂದ್ರ ಸರ್ಕಾರದ ಸರ್ವೆಗಳ ಕಥೆ ಬೇರೆ.

ಮುಖ್ಯವಾಗಿ ಎರಡು ಬರುತ್ತವೆ. ಎರಡನ್ನೂ ಮಾಡಿಸುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ, ಅಂದರೆ ಎನ್ಎಸ್ಒ. ಫ್ಯಾಕ್ಟರಿ ಅಂತ ನೋಂದಣಿ ಆದವರಿಗೆ ಬರೋದು ಎಎಸ್ಐ, ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಅಳತೆಯಲ್ಲಿ ಕರೆಂಟ್ ಬಳಸಿ 10 ಜನ, ಕರೆಂಟ್ ಇಲ್ಲದೆ 20 ಜನ ಕೆಲಸ ಮಾಡಿದರೆ ಅದು ಫ್ಯಾಕ್ಟರಿ ಆಗಿತ್ತು. ಫ್ಯಾಕ್ಟರಿ ಲೆಕ್ಕಕ್ಕೆ ಸಿಗದ ಅಂಗಡಿ, ಟೈಲರ್, ಸಣ್ಣ ವರ್ಕ್‌ಶಾಪ್, ಸಲೂನ್‌ಗಳಿಗೆ, ಅಂದರೆ ಕಂಪನಿ ಅಲ್ಲದೆ ಸ್ವಂತ ಹೆಸರಲ್ಲೋ ಪಾಲುದಾರಿಕೆಯಲ್ಲೋ ನಡೆಯುವ ವ್ಯಾಪಾರಕ್ಕೆ ಬರೋದು ಎಎಸ್‌ಯುಎಸ್ಇ, ಅಸಂಘಟಿತ ವಲಯದ ಉದ್ಯಮಗಳ ವಾರ್ಷಿಕ ಸಮೀಕ್ಷೆ. ಕಾಂಡಿಮೆಂಟ್ಸ್ ಅಣ್ಣನ ಹತ್ತಿರ ಬಂದಿದ್ದು ಇದು. "ನನ್ನ ಅಂಗಡಿಯೇ ಯಾಕೆ, ಎದುರುಗಡೆಯವನನ್ನು ಕೇಳಲಿ" ಅಂತ ಅಣ್ಣ ಆಮೇಲೆ ನನ್ನ ಹತ್ತಿರ ರೇಗಿದರು. ಯಾರ ಮೇಲೂ ಕಣ್ಣಿಟ್ಟು ಬರೋದಲ್ಲ ಅದು. ಮೊದಲು ಒಂದು ಏರಿಯಾ ಆರಿಸಿ, ಅಲ್ಲಿರುವ ಎಲ್ಲ ವ್ಯಾಪಾರ ಪಟ್ಟಿ ಮಾಡಿ, ಆ ಪಟ್ಟಿಯಿಂದ ಕೆಲವನ್ನು ಲಾಟರಿ ಎತ್ತಿದ ಹಾಗೆ ಎತ್ತುತ್ತಾರೆ.

ಎಎಸ್ಐ ನಡೆಯುವುದು 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ ಕೆಳಗೆ. ಆ ಕಾಯ್ದೆಯಡಿ ಕಾಗದ ಬಂದರೆ ಮಾಹಿತಿ ಕೊಡಲೇಬೇಕು, ಕೊಡದಿದ್ದರೆ ದಂಡ ಹಾಕುವುದಕ್ಕೂ ಅವಕಾಶ ಇದೆ. ಅದೇ ಕಾಯ್ದೆಯ 9ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತೆ: ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕೆ ಮಾತ್ರ ಬಳಸಬೇಕು, ಇದು ಇಂಥವರದ್ದು ಅಂತ ಗೊತ್ತಾಗುವ ಹಾಗೆ ಪ್ರಕಟಿಸುವಂತಿಲ್ಲ. ಅಂದರೆ ನಿಮ್ಮ ವ್ಯಾಪಾರದ ಅಂಕಿ ಎತ್ತಿಕೊಂಡು ಹೋಗಿ ತೆರಿಗೆಯವರ ಟೇಬಲ್ ಮೇಲೆ ಇಡುವಂತಿಲ್ಲ. ನನ್ನ ಪ್ರಕಾರ ಕಾಗದದ ಮೊದಲ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇದನ್ನೇ ಹಾಕಬೇಕು. ದಂಡದ ವಿಷಯ ಆಮೇಲೆ ಹೇಳಲಿ. ಕಾಯ್ದೆ, ಸೆಕ್ಷನ್ ಅಂತ ಶುರುವಾಗುವ ಕಾಗದವನ್ನು ನಮ್ಮ ಜನ ಪೂರ್ತಿ ಓದಲ್ಲ, ಸೀದಾ ಆಡಿಟರ್‌ಗೆ ವಾಟ್ಸಾಪ್ ಮಾಡ್ತಾರೆ.

ಆಡಿಟರ್‌ಗಳಿಗೂ ಇದು ಇಷ್ಟದ ಕೆಲಸ ಅಲ್ಲ. ಬ್ಯಾಲೆನ್ಸ್ ಶೀಟ್‌ನಲ್ಲಿ ಇರುವುದನ್ನು ಅವರು ತುಂಬಬಹುದು. ಕಟ್ಟಡ, ಮೆಷಿನ್, ಸಾಲ, ಸ್ಟಾಕ್ ಎಲ್ಲ ಅಲ್ಲಿದೆ. ಆದರೆ ಎಎಸ್ಐ ಫಾರಂ ಅಲ್ಲಿಗೆ ನಿಲ್ಲಲ್ಲ. ವರ್ಷದಲ್ಲಿ ಫ್ಯಾಕ್ಟರಿ ಎಷ್ಟು ದಿನ ನಡೆಯಿತು, ಗಂಡಸರು ಎಷ್ಟು, ಹೆಂಗಸರು ಎಷ್ಟು, ಕಂಟ್ರಾಕ್ಟರ್ ಕಡೆಯವರು ಎಷ್ಟು, ಒಬ್ಬೊಬ್ಬರ ಹಾಜರಿ ಕೂಡಿಸಿದರೆ ಒಟ್ಟು ಎಷ್ಟು ಮಾನವ ದಿನ, ಇಷ್ಟೆಲ್ಲ ಬೇಕು. ಇದು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಸಿಗಲ್ಲ, ಹಾಜರಿ ಪುಸ್ತಕದಲ್ಲಿ ಸಿಗುತ್ತೆ. ನಮ್ಮ ಹಾಜರಿ ಪುಸ್ತಕದ ಮೇಲೆ ಗಮ್ ಚೆಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅದು ಬೇರೆ ಮಾತು.

ಕಚ್ಚಾ ಮಾಲು ಇನ್ನೊಂದು ತಲೆನೋವು. ನಾವು ಕ್ರಾಫ್ಟ್ ಪೇಪರ್ ರೀಲ್ ಕೆಜಿ ಲೆಕ್ಕದಲ್ಲಿ ತರುತ್ತೇವೆ, ಬಾಕ್ಸ್ ಪೀಸ್ ಲೆಕ್ಕದಲ್ಲಿ ಮಾರುತ್ತೇವೆ. 3 ಪ್ಲೈ (ಮೂರು ಪದರದ್ದು) ಎಷ್ಟು, 5 ಪ್ಲೈ ಎಷ್ಟು ಅಂತ ಬಿಲ್ ಹಾಕುವಾಗ ಯಾರೂ ಬೇರೆ ಬೇರೆ ಇಡಲ್ಲ. ಎಎಸ್ಐ ಫಾರಂನಲ್ಲಿ ಹಾಗಲ್ಲ, ಪ್ರತಿ ಐಟಂಗೂ ಕೋಡ್, ಪ್ರಮಾಣ, ಬೆಲೆ ಎಲ್ಲ ಬೇಕು. ಉಪ ಉತ್ಪನ್ನದ ಸಾಲಿಗೆ ಬಂದಾಗ ನಮ್ಮ ಹುಡುಗ "ಸಾರ್, ಗುಜರಿಯವನಿಗೆ ಹಾಕೋ ಕಟಿಂಗ್ ವೇಸ್ಟ್ ಇಲ್ಲಿ ಬರುತ್ತಾ?" ಅಂತ ಕೇಳಿದ. ಕಚೇರಿಗೆ ಫೋನ್ ಮಾಡಿ ಕೇಳಿಕೊಂಡೆವು. ಪಾಪ, ಸಮಾಧಾನವಾಗಿ ಹೇಳಿಕೊಟ್ಟರು.

ಇದರಲ್ಲಿ ನನಗೆ ಖುಷಿಯಾಗಿದ್ದು ಒಂದೇ ಸಾಲು. ಸಂಬಳ ಇಲ್ಲದೆ ಕೆಲಸ ಮಾಡುವ ಮನೆಯವರು ಎಷ್ಟು ಜನ ಅಂತ ಒಂದು ಕಡೆ ಕೇಳುತ್ತಾರೆ. ನನ್ನ ಹೆಂಡತಿ ಬೆಳಗ್ಗೆಯಿಂದ ಸಂಜೆವರೆಗೆ ಬಿಲ್ಲಿಂಗ್ ನೋಡಿಕೊಳ್ಳುತ್ತಾಳೆ, ಯಾವ ಸಂಬಳದ ಲೆಕ್ಕದಲ್ಲೂ ಅವಳ ಹೆಸರಿಲ್ಲ. ಈ ಸಾಲು ತೋರಿಸಿದೆ. "ಹಾಗಿದ್ರೆ ಸರ್ಕಾರಕ್ಕೆ ಗೊತ್ತು ನಾನು ದುಡೀತೀನಿ ಅಂತ, ನಿಮಗೇ ಗೊತ್ತಿಲ್ಲ" ಅಂದಳು.

ಇಷ್ಟೆಲ್ಲ ಯಾಕೆ ಕೊಡಬೇಕು ಅಂತ ಕೇಳಿದರೆ ನನ್ನ ಉತ್ತರ ದೇಶಸೇವೆ ಅಲ್ಲ. ನಾವು ಕೊಡದಿದ್ದರೆ ನಮ್ಮ ಲೆಕ್ಕವನ್ನು ಅಂದಾಜಿನಲ್ಲಿ ಬರೆದುಕೊಳ್ಳುತ್ತಾರೆ. ಹಿಂದೆ ಆಗಿದ್ದೂ ಅದೇ. 2011-12ನ್ನು ಆಧಾರ ವರ್ಷ ಮಾಡಿಕೊಂಡಿದ್ದ ಜಿಡಿಪಿ ಲೆಕ್ಕದಲ್ಲಿ ಕಾಂಡಿಮೆಂಟ್ಸ್ ಅಣ್ಣನಂಥ ಸಣ್ಣವರ ಪಾಲಿಗೆ ಬುನಾದಿ 2010-11ರ ಒಂದು ಸಮೀಕ್ಷೆ. ಆಮೇಲಿನ ವರ್ಷಗಳಿಗೆ ಬೇರೆ ಬೇರೆ ಸೂಚಕ, ಎಷ್ಟೋ ಕಡೆ ದೊಡ್ಡ ಕಂಪನಿಗಳ ಬೆಳವಣಿಗೆಯನ್ನೇ ನೋಡಿಕೊಂಡು ಎಳೆದರು. 2016ರಲ್ಲಿ ನೋಟು ರದ್ದಾಗಿ ಸಣ್ಣವರು ಮಲಗಿದಾಗ ದೊಡ್ಡವರು ಮಲಗಲಿಲ್ಲವಲ್ಲ. ಆ ಹೊಡೆತ ಜಿಡಿಪಿ ಲೆಕ್ಕದಲ್ಲಿ ಸರಿಯಾಗಿ ಕಾಣಲೇ ಇಲ್ಲ ಅಂತ ಅರ್ಥಶಾಸ್ತ್ರಜ್ಞರು ಕೂಗಾಡಿದ್ದು ಇದೇ ಕಾರಣಕ್ಕೆ. ಈಗ ಎಎಸ್‌ಯುಎಸ್ಇ ಪ್ರತಿ ವರ್ಷ ನಡೆಯುತ್ತೆ. 2023-24ರ ವರದಿ ಪ್ರಕಾರ ದೇಶದಲ್ಲಿ ಇಂಥ ವ್ಯಾಪಾರ, ಘಟಕ 7.34 ಕೋಟಿ, ಅದರಲ್ಲಿ ದುಡಿಯುವವರು 12 ಕೋಟಿಗೂ ಜಾಸ್ತಿ. ಇಷ್ಟು ಜನರನ್ನು ಅಂದಾಜಿಗೆ ಬಿಡೋದಾ?

ಅಣ್ಣ ಕೊನೆಗೆ ಉತ್ತರ ಕೊಟ್ಟರು. ಆಕೆ ಮತ್ತೆ ಬಂದಾಗ ನಾನೇ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ. ಬಾಡಿಗೆ, ಕರೆಂಟ್, ಹುಡುಗನ ಸಂಬಳ ಎಲ್ಲ ಸರಿಯಾಗಿ ಹೇಳಿದರು. ವ್ಯಾಪಾರ ಎಷ್ಟು ಅಂದಾಗ ಮಾತ್ರ ಒಂದು ಕ್ಷಣ ಬೀಡಾ ಡಬ್ಬದ ಕಡೆ ನೋಡಿ ಒಂದು ಅಂಕಿ ಹೇಳಿದರು. ಅಷ್ಟೇ ಆಗೋದಾದರೆ ಆ ಅಂಗಡಿ ಯಾವತ್ತೋ ಮುಚ್ಚಬೇಕಿತ್ತು. ಆಕೆಗೂ ಗೊತ್ತಾಯಿತು. "ಸಾರ್, ಹಾಲು ಒಂದಕ್ಕೇ ದಿನಕ್ಕೆ ಎಷ್ಟು ಕೊಡ್ತೀರಾ?" ಅಂತ ಇನ್ನೊಂದು ಬಾಗಿಲಿಂದ ಬಂದರು. ಅಲ್ಲಿಂದ ಲೆಕ್ಕ ತಾನಾಗಿ ದಾರಿಗೆ ಬಂತು. ಒಳ್ಳೆ ಕೆಲಸಗಾರ್ತಿ. ಈ ಕೆಲಸದಲ್ಲಿ ಬಹಳ ಜನ ಗುತ್ತಿಗೆ ಮೇಲೆ ಇರುವವರು, ಬಿಸಿಲಲ್ಲಿ ಬೈಸಿಕೊಂಡು ತಿರುಗುವವರು, ಅವರ ಮೇಲೆ ರೇಗಿ ಏನು ಬಂತು?

ಹಾಗಂತ ಬಂದವರಿಗೆಲ್ಲ ಬಾಯಿ ಬಿಡಿ ಅಂತ ಹೇಳ್ತಿಲ್ಲ. ಐಡಿ ಕಾರ್ಡ್ ಕೇಳಿ, ಫೋಟೋ ತೆಗೆದುಕೊಳ್ಳಿ. ಯಾವ ಸರ್ವೆ ಅಂತ ಹೆಸರು ಹೇಳಿಸಿ. ಅನುಮಾನ ಬಂದರೆ ಇಲಾಖೆಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ, ಅವರು ಕೊಟ್ಟ ನಂಬರ್‌ಗಲ್ಲ. ಓಟಿಪಿ ಕೇಳಿದರೆ, ದುಡ್ಡು ಕೇಳಿದರೆ ಅದು ಸರ್ವೆ ಅಲ್ಲ, ಅಲ್ಲೇ ನಿಲ್ಲಿಸಿ. ವ್ಯಾಪಾರದ ಹೊತ್ತಲ್ಲಿ ಬಂದರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ ಅನ್ನಿ, ಬರ್ತಾರೆ.

ಎಎಸ್ಐ ಬರುವ ಸಣ್ಣ ಘಟಕದವರಿಗೆ ಒಂದು ಮಾತು. ಮಾರ್ಚ್ ಮುಗಿದ ಮೇಲೆ ಹುಡುಕೋಕೆ ಹೋದರೆ ಸಾಯ್ತೀರಿ. ನಾನು ಈಗ ತಿಂಗಳ ಕೊನೆಗೆ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಜರಿ, ಪೇಪರ್, ಗಮ್, ಸ್ಟಿಚಿಂಗ್ ವೈರ್, ಕರೆಂಟ್ ಯೂನಿಟ್, ವೇಸ್ಟ್ ಮಾರಿದ್ದು ಇಷ್ಟನ್ನು ಬರೆದಿಡುತ್ತೇನೆ. ಬೇಕಾದವರು ಕೇಳಿ, ಕಳಿಸ್ತೀನಿ. ಬಾಕ್ಸ್ ಬಿಟ್ಟು ಬೇರೆ ಲೈನ್‌ನವರು ಕಚ್ಚಾ ಮಾಲಿನ ಕಾಲಂ ಮಾತ್ರ ಬದಲಿಸಿಕೊಳ್ಳಿ.